ಟೆನೆಂಟ್, ಕೋಲ್ಮನ್ ಮತ್ತು ಬ್ರಿಟಿಷ್ ಟಿವಿ: ಯಾವುದನ್ನು ಮೊದಲು ನೋಡಬೇಕು, ಹೇಗೆ ನೋಡಬೇಕು?

ಪ್ರಶ್ನೆ: ‘ಶೆರ್ಲಾಕ್’ ಮುಗಿಸಿ ‘ಬ್ರಾಡ್‌ಚರ್ಚ್’ ಹಿಡಿದೆ. ಈಗ ಡೇವಿಡ್ ಟೆನೆಂಟ್, ಒಲಿವಿಯಾ ಕೋಲ್ಮನ್ ಮಾಡಿದ್ದೆಲ್ಲ ನೋಡಬೇಕು ಅನ್ನಿಸಿದೆ. ‘ಡಾಕ್ಟರ್ ಹೂ’ ನೋಡೋಣ ಅಂದರೆ ‘ಸೀಸನ್ 1’ ಅನ್ನುವುದೇ ಮೂರು ಇದೆ. ಒಳ್ಳೆಯ ಧಾರಾವಾಹಿಗಳೆಲ್ಲ ಮೂರು, ಆರು ಕಂತಿಗೇ ಯಾಕೆ ಮುಗಿದುಹೋಗುತ್ತವೆ? ಅವರ ಇಂಗ್ಲಿಷ್ ಅರ್ಧಕ್ಕರ್ಧ ತಲೆಗೆ ಹೋಗುವುದಿಲ್ಲ, ಏನು ಮಾಡಲಿ? ಅಕ್ಕನ ಮಗ ಮುಂದಿನ ತಿಂಗಳು ಲಂಡನ್ನಿನಿಂದ ಬರುತ್ತಿದ್ದಾನೆ, ಡಿವಿಡಿ ತರಿಸಿಕೊಂಡರೆ ಇಲ್ಲಿ ಓಡುತ್ತದೆಯೆ? ನೆಚ್ಚಿನ ನಟರಿಗೆ ಪತ್ರ ಬರೆಯುವ ದಾರಿ ಇದೆಯೆ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ:

ನಿಮ್ಮ ಪತ್ರದಲ್ಲಿ ಇಬ್ಬರು ನಟರ ಹೆಸರಿದೆ, ಬರೆದವರ ಹೆಸರು ಒಂದೂ ಇಲ್ಲ. ಬ್ರಿಟಿಷ್ ಟಿವಿಯ ಹುಚ್ಚು ಹೊಸದಾಗಿ ಹಿಡಿದವರು ಮೊದಲು ದಾರಿ ತಪ್ಪುವುದು ಇಲ್ಲೇ. ನಟರ ಹೆಸರು ಹಾಕಿ ಹುಡುಕಿದರೆ ಉದ್ದನೆಯ ಪಟ್ಟಿಯೇನೋ ಸಿಗುತ್ತದೆ. ಆದರೆ ಅದರಲ್ಲಿ ಒಂದೇ ಕಂತಿನಲ್ಲಿ ಬಂದುಹೋದ ಪಾತ್ರ, ಕಾರ್ಟೂನಿಗೆ ಕೊಟ್ಟ ಧ್ವನಿ, ಸಾಕ್ಷ್ಯಚಿತ್ರದ ನಿರೂಪಣೆ ಎಲ್ಲವೂ ಕಲಸಿಹೋಗಿರುತ್ತವೆ. ಬರೆದವರ ಹೆಸರು ಹಿಡಿದು ಹೊರಟರೆ ನಟರು ತಾವಾಗಿಯೇ ಎದುರಾಗುತ್ತಾರೆ. ಅಲ್ಲಿ ಒಳ್ಳೆಯ ಧಾರಾವಾಹಿಗಳು ಬಹುಮಟ್ಟಿಗೆ ಒಬ್ಬರ, ಹೆಚ್ಚೆಂದರೆ ಇಬ್ಬರ ಬರವಣಿಗೆ. ಬರೆಯುವವರು ತಮ್ಮ ಮಾತು ಯಾರ ಬಾಯಲ್ಲಿ ಚೆನ್ನಾಗಿ ಕೂರುತ್ತದೋ ಅವರನ್ನೇ ಮತ್ತೆ ಮತ್ತೆ ಕರೆಯುತ್ತಾರೆ.

ನೀವು ಈಗ ನೋಡುತ್ತಿರುವ ‘ಬ್ರಾಡ್‌ಚರ್ಚ್’, ಕಡಲ ತಡಿಯ ಊರಿನಲ್ಲಿ ನಡೆದ ಹುಡುಗನೊಬ್ಬನ ಕೊಲೆಯ ಪೊಲೀಸ್ ಕಥೆ, ಇದಕ್ಕೆ ಒಳ್ಳೆಯ ಉದಾಹರಣೆ. 2013ರಿಂದ 2017ರವರೆಗೆ ಐಟಿವಿಯಲ್ಲಿ ಬಂದ ಮೂರು ಸೀಸನ್, ತಲಾ ಎಂಟರಂತೆ 24 ಕಂತು. ಬರೆದವರು ಕ್ರಿಸ್ ಚಿಬ್ನಲ್. ಅವರು ಅದಕ್ಕೂ ಮೊದಲು ‘ಡಾಕ್ಟರ್ ಹೂ’ಗೆ ಕಂತುಗಳನ್ನು ಬರೆದಿದ್ದರು (ಅದು ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ‘ಡಾಕ್ಟರ್’ನ ಕಥೆ; ನಟರು ಬದಲಾದಾಗ ಅವನಿಗೆ ಹೊಸ ರೂಪ, ಹೊಸ ಕ್ರಮಸಂಖ್ಯೆ). ಹಾಗಾಗಿ ಪಾತ್ರವರ್ಗವನ್ನು ಒಮ್ಮೆ ನೋಡಿ: ಹತ್ತನೆಯ ಡಾಕ್ಟರ್ ಆಗಿದ್ದ ಟೆನೆಂಟ್ ಇಲ್ಲಿ ಇನ್‌ಸ್ಪೆಕ್ಟರ್ ಹಾರ್ಡಿ. ಹನ್ನೊಂದನೆಯ ಡಾಕ್ಟರ್ ಜೊತೆ ಓಡಾಡಿದ ಆರ್ಥರ್ ಡಾರ್ವಿಲ್ ಇಲ್ಲಿ ಊರಿನ ಪಾದ್ರಿ. ಸತ್ತ ಹುಡುಗನ ತಾಯಿಯಾಗಿರುವ ಜೋಡಿ ವಿಟೇಕರ್ ಅವರನ್ನು ಇದೇ ಚಿಬ್ನಲ್ ಮುಂದೆ ಹದಿಮೂರನೆಯ ಡಾಕ್ಟರ್ ಮಾಡಿದರು, ಆ ಪಾತ್ರಕ್ಕೆ ಬಂದ ಮೊದಲ ಹೆಣ್ಣು ಅವರು. ಪತ್ರಿಕೆ ಅಂಗಡಿಯ ಮುದುಕನಾಗಿ ಬರುವ ಡೇವಿಡ್ ಬ್ರಾಡ್ಲಿ ಮುಂದೆ ಮೊದಲನೆಯ ಡಾಕ್ಟರ್ ಪಾತ್ರವನ್ನೇ ಮಾಡಿದರು. ಕೋಲ್ಮನ್ ಕೂಡ ಹೊರಗಿನವರಲ್ಲ. 2010ರ ‘ಡಾಕ್ಟರ್ ಹೂ’ನ ‘ದಿ ಇಲೆವೆಂತ್ ಅವರ್’ ಕಂತಿನಲ್ಲಿ ಸಣ್ಣ ಪಾತ್ರವೊಂದರಲ್ಲಿ ಅವರನ್ನು ಹುಡುಕಿ. ‘ಬ್ರಾಡ್‌ಚರ್ಚ್’ ಎರಡನೆಯ ಸೀಸನ್ನಿನ ಕೋರ್ಟಿನಲ್ಲಿ ಕಿರಿಯ ಬ್ಯಾರಿಸ್ಟರ್ ಆಗಿರುವವರು ಫೀಬಿ ವಾಲರ್‌-ಬ್ರಿಜ್, ಜಡ್ಜ್ ಪೀಠದಲ್ಲಿ ಮೀರಾ ಸ್ಯಾಲ್. ಅದಾದ ಮರುವರ್ಷ, 2016ರಲ್ಲಿ, ವಾಲರ್‌-ಬ್ರಿಜ್ ತಾವೇ ಬರೆದು ನಟಿಸಿದ ‘ಫ್ಲೀಬ್ಯಾಗ್’ ಬಂತು. ಅದರಲ್ಲಿ ಮೈ ಪರಚಿಕೊಳ್ಳುವಂತೆ ಮಾಡುವ ಗಾಡ್‌ಮದರ್ ಪಾತ್ರ ಕೋಲ್ಮನ್ ಅವರದು. ಒಂದು ಧಾರಾವಾಹಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ಹೀಗೆ ತೆರೆದುಕೊಳ್ಳುತ್ತದೆ.

‘ಬ್ರಾಡ್‌ಚರ್ಚ್’ನ ಮೊದಲ ಕಂತನ್ನು ಇನ್ನೊಮ್ಮೆ ಹಾಕಿ. ಹುಡುಗನ ತಂದೆ ಮಾರ್ಕ್ ಲ್ಯಾಟಿಮರ್ ಬೆಳಿಗ್ಗೆ ಕೆಲಸಕ್ಕೆ ಹೊರಟು ಊರಿನ ಮುಖ್ಯ ಬೀದಿಯಲ್ಲಿ ನಡೆದುಹೋಗುವ ದೃಶ್ಯವಿದೆಯಲ್ಲ, ಅದು ಕಟ್ ಇಲ್ಲದ ಒಂದೇ ಶಾಟ್. ಎದುರಿಗೆ ಬಂದವರಿಗೆಲ್ಲ ಅವನು ಒಂದು ಮಾತು ಹೇಳುತ್ತಾ ಹೋಗುತ್ತಾನೆ, ಕ್ಯಾಮೆರಾ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಮುಂದೆ ನಾವು ಅನುಮಾನಿಸಲಿರುವ ಮುಖಗಳು ಎಷ್ಟೋ ಅಲ್ಲೇ ನಗುತ್ತಾ ಕೈಬೀಸಿ ಹೋಗಿರುತ್ತವೆ. ಕೊಲೆಗಾರ ಯಾರು ಅನ್ನುವುದನ್ನು ಚಿತ್ರೀಕರಣದ ಕೊನೆಯ ಹಂತದವರೆಗೆ ನಟರಿಗೂ ಹೇಳಿರಲಿಲ್ಲ. ಆದ್ದರಿಂದ ಯಾರೂ ತಪ್ಪಿತಸ್ಥರ ಹಾಗೆ ನಟಿಸುವುದಿಲ್ಲ. ಎರಡನೆಯ ಸಲ ನೋಡುವಾಗ ಸಿಗುವ ರುಚಿ ಇದೇ. ಅಂದಹಾಗೆ, ಆ ಊರು ನಕ್ಷೆಯಲ್ಲಿ ಸಿಗುವುದಿಲ್ಲ. ಬಂಗಾರದ ಬಣ್ಣದ ಕಡಿಬಂಡೆ ಡಾರ್ಸೆಟ್‌ನ ವೆಸ್ಟ್ ಬೇ. ಚರ್ಚು ಸಾಮರ್‌ಸೆಟ್‌ನ ಕ್ಲೀವ್‌ಡನ್ ಊರಿನದು.

ಇನ್ನು ಕಂತು ಯಾಕೆ ಕಡಿಮೆ ಅನ್ನುವುದು. ಅಮೆರಿಕದಲ್ಲಿ ವರ್ಷಕ್ಕೆ ಇಪ್ಪತ್ತೆರಡು ಕಂತು ಕೊಡಬೇಕಾದ ಚಾನೆಲ್‌ಗಳು ಹತ್ತಾರು ಬರಹಗಾರರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಬರೆಸುತ್ತವೆ. ಬ್ರಿಟನ್ನಿನಲ್ಲಿ ಆ ಪದ್ಧತಿ ಬೇರು ಬಿಡಲಿಲ್ಲ. ಒಬ್ಬರೇ ಕೂತು ಬರೆದರೆ ವರ್ಷಕ್ಕೆ ಆರು ಕಂತೇ ಹೆಚ್ಚು. ‘ಫಾಲ್ಟಿ ಟವರ್ಸ್’ ಜಗತ್ತಿನ ಹಾಸ್ಯ ಧಾರಾವಾಹಿಗಳ ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಅದು ಇರುವುದೇ ಹನ್ನೆರಡು ಕಂತು: 1975ರಲ್ಲಿ ಆರು, 1979ರಲ್ಲಿ ಆರು. ಬರೆದವರು ಜಾನ್ ಕ್ಲೀಸ್ ಮತ್ತು ಕಾನಿ ಬೂತ್. ಎರಡನೆಯ ಆರು ಬರುವ ಹೊತ್ತಿಗೆ ಇಬ್ಬರ ವಿಚ್ಛೇದನವೂ ಆಗಿತ್ತು, ಜಂಟಿ ಬರವಣಿಗೆ ಮಾತ್ರ ನಿಲ್ಲಲಿಲ್ಲ. ‘ದಿ ಆಫೀಸ್’ ಬ್ರಿಟನ್ನಿನಲ್ಲಿ ಕ್ರಿಸ್ಮಸ್ ಕಂತುಗಳೂ ಸೇರಿ 14, ಅದನ್ನೇ ಅಮೆರಿಕ 201ಕ್ಕೆ ಎಳೆಯಿತು. ನಮ್ಮ ದೂರದರ್ಶನದ ಹದಿಮೂರು ಕಂತಿನ ಕಾಲ ನೆನಪಿರುವವರಿಗೆ ಈ ಲೆಕ್ಕ ವಿಚಿತ್ರ ಅನ್ನಿಸಬಾರದು. ಸಾವಿರಾರು ಕಂತಿನವು ಅಲ್ಲೂ ಇವೆ: ‘ಕಾರೊನೇಶನ್ ಸ್ಟ್ರೀಟ್’ 1960ರ ಡಿಸೆಂಬರ್‌ನಿಂದ, ‘ಈಸ್ಟ್‌ಎಂಡರ್ಸ್’ 1985ರ ಫೆಬ್ರುವರಿಯಿಂದ ನಡೆಯುತ್ತಲೇ ಇವೆ. ಅವು ಬೇರೆ ಜಾತಿ. ಆದರೂ ಮೂಗು ಮುರಿಯಬೇಡಿ, ಅವು ನಟರ ಗರಡಿಮನೆ. ‘ಹ್ಯಾಪಿ ವ್ಯಾಲಿ’ಯ ಸೇರಾ ಲ್ಯಾಂಕಶೈರ್ ತೊಂಬತ್ತರ ದಶಕದಲ್ಲಿ ‘ಕಾರೊನೇಶನ್ ಸ್ಟ್ರೀಟ್’ನ ಬಾರಿನಲ್ಲಿ ಗ್ಲಾಸು ತುಂಬುತ್ತಿದ್ದ ರಾಕೆಲ್. ‘ಯೆಸ್ಟರ್‌ಡೇ’ ಸಿನಿಮಾದ ಹಿಮೇಶ್ ಪಟೇಲ್ 2007ರಿಂದ 2016ರವರೆಗೆ ‘ಈಸ್ಟ್‌ಎಂಡರ್ಸ್’ನಲ್ಲಿ ದುಡಿದವರು.

ಎರಡು ಸೀಸನ್ನಿನ ನಡುವೆ ವರ್ಷಗಟ್ಟಲೆ ಸದ್ದಿಲ್ಲದಿದ್ದರೆ ನಿಂತೇಹೋಯಿತು ಅಂದುಕೊಳ್ಳಬೇಡಿ. ಸ್ಯಾಲಿ ವೇನ್‌ರೈಟ್ ಬರೆದ ‘ಹ್ಯಾಪಿ ವ್ಯಾಲಿ’ 2014, 2016, ಆಮೇಲೆ ಒಮ್ಮೆಲೇ 2023. ಕಥೆಯಲ್ಲಿ ನಾಯಕಿಯ ಮೊಮ್ಮಗ ರಯಾನ್ ಹದಿಹರೆಯಕ್ಕೆ ಬರಬೇಕಿತ್ತು; ಬೇರೆ ಹುಡುಗನನ್ನು ತರುವ ಬದಲು ಅದೇ ಹುಡುಗ ಬೆಳೆಯಲಿ ಎಂದು ಏಳು ವರ್ಷ ಕಾದರು. ಮೂರೂ ಸೀಸನ್ ಸೇರಿ 18 ಕಂತು. ಪೊಲೀಸ್ ಕಥೆ ಇಷ್ಟವಿದ್ದು ಒಂದನ್ನೇ ಆರಿಸು ಅಂದರೆ ನನ್ನ ವೋಟು ಇದಕ್ಕೇ, ‘ಬ್ರಾಡ್‌ಚರ್ಚ್’ಗಿಂತ ಒಂದು ಕೈ ಮೇಲು.

ಈಗ ‘ಡಾಕ್ಟರ್ ಹೂ’ ಗೋಜಲು. ಇದು ಶುರುವಾದದ್ದು 1963ರ ನವೆಂಬರ್ 23ರಂದು. 1989ರವರೆಗೆ 26 ಸೀಸನ್ ನಡೆದು ನಿಂತಿತು. 2005ರಲ್ಲಿ ರಸೆಲ್ ಟಿ ಡೇವಿಸ್ ಮತ್ತೆ ಎಬ್ಬಿಸಿದಾಗ ಎಣಿಕೆ ಒಂದರಿಂದ ಶುರುವಾಯಿತು. 2024ರಲ್ಲಿ ಡಿಸ್ನಿ ಜೊತೆ ಸೇರಿ ಮಾಡಿದಾಗ ಇನ್ನೊಮ್ಮೆ ಒಂದು! ಹೀಗಾಗಿ ‘ಸೀಸನ್ 1’ ಅಂದರೆ ವಿಲಿಯಂ ಹಾರ್ಟ್‌ನೆಲ್, ಕ್ರಿಸ್ಟಫರ್ ಎಕಲ್ಸ್‌ಟನ್, ಶುಟಿ ಗಾಟ್ವಾ, ಮೂವರಲ್ಲಿ ಯಾರೂ ಆಗಿರಬಹುದು. ನಂಬರ್ ಬಿಟ್ಟು ಇಸವಿ ನೋಡಿ.

ಟೆನೆಂಟ್ ಅಭಿಮಾನಿಗೆ 2005ರದ್ದೇ ಸರಿ. ಮೊದಲ ಹದಿಮೂರು ಕಂತಿನಲ್ಲಿ ಟೆನೆಂಟ್ ಇಲ್ಲ, ಕೊನೆಯ ಕ್ಷಣದಲ್ಲಿ ಮುಖ ಕಾಣಿಸುತ್ತದೆ ಅಷ್ಟೆ. ಹಾಗೆಂದು ಹಾರಿಸಬೇಡಿ. ರೋಸ್ ಎಂಬ ಹುಡುಗಿಗೆ ಈ ಹೊಸ ಮನುಷ್ಯ ಯಾಕೆ ಪರಕೀಯ ಅನ್ನಿಸುತ್ತಾನೆ ಅನ್ನುವುದು ಆ ಹದಿಮೂರನ್ನು ನೋಡದೆ ತಿಳಿಯದು. ಆಮೇಲೆ ಎಡವಟ್ಟಾಗುವುದು ಕ್ರಿಸ್ಮಸ್ ಕಂತುಗಳಲ್ಲಿ. ಬ್ರಿಟನ್ನಿನಲ್ಲಿ ಡಿಸೆಂಬರ್ 25ರ ಸಂಜೆ ಇಡೀ ಮನೆ ಟಿವಿ ಮುಂದೆ ಕೂರುತ್ತದೆ, ಚಾನೆಲ್‌ಗಳು ತಮ್ಮ ದೊಡ್ಡ ಕಂತನ್ನು ಆ ದಿನಕ್ಕೇ ಎತ್ತಿಡುತ್ತವೆ. ಸ್ಟ್ರೀಮಿಂಗ್ ಆ್ಯಪ್‌ಗಳು ಇವನ್ನು ‘ಸ್ಪೆಷಲ್ಸ್’ ಎಂದು ಬೇರೆ ಮೂಲೆಗೆ ತಳ್ಳುತ್ತವೆ, ಕೆಲವೊಮ್ಮೆ ಇಟ್ಟುಕೊಂಡೇ ಇರುವುದಿಲ್ಲ. ಸರಿಯಾದ ಸಾಲು ಹೀಗೆ: 2005ರ ಸೀಸನ್, ನಂತರ ‘ದಿ ಕ್ರಿಸ್ಮಸ್ ಇನ್ವೇಶನ್’ (ಟೆನೆಂಟ್ ನಿಜವಾಗಿ ಶುರುವಾಗುವುದು ಇಲ್ಲಿ), 2006ರ ಸೀಸನ್, ‘ದಿ ರನ್‌ಅವೇ ಬ್ರೈಡ್’, 2007ರ ಸೀಸನ್, ‘ವಾಯೇಜ್ ಆಫ್ ದಿ ಡ್ಯಾಮ್ಡ್’, 2008ರ ಸೀಸನ್, ಕೊನೆಗೆ 2008ರ ಕ್ರಿಸ್ಮಸ್‌ನಿಂದ 2010ರ ಜನವರಿ 1ರವರೆಗಿನ ಐದು ಬಿಡಿ ಕಂತು. ಒಟ್ಟು 60, ಅದರಲ್ಲಿ ಟೆನೆಂಟ್ 47. ‘ದಿ ರನ್‌ಅವೇ ಬ್ರೈಡ್’ ಬಿಟ್ಟರೆ 2008ರಲ್ಲಿ ಜೊತೆಯಾಗುವ ಡೋನಾ ಯಾರೆಂದೇ ತಿಳಿಯುವುದಿಲ್ಲ. ಇದೇ ತೊಂದರೆ ಬೇರೆಡೆಯೂ ಇದೆ: ‘ಡೌಂಟನ್ ಆ್ಯಬಿ’ಯ ಮೂರನೆಯ ಸೀಸನ್ನಿನ ನಿಜವಾದ ಕೊನೆ ಇರುವುದು 2012ರ ಕ್ರಿಸ್ಮಸ್ ಕಂತಿನಲ್ಲಿ. ಅದನ್ನು ನೋಡದೆ ನಾಲ್ಕನೆಯದಕ್ಕೆ ಹೋದರೆ ಮೊದಲ ನಿಮಿಷದಲ್ಲೇ ಕಕ್ಕಾಬಿಕ್ಕಿ.

ಅರವತ್ತು ಕಂತಿಗೆ ಪುರುಸೊತ್ತಿಲ್ಲವೆ? 2008ರ ಸೀಸನ್ನಿನ ಹತ್ತನೆಯ ಕಂತು ‘ಮಿಡ್‌ನೈಟ್’ ಒಂದನ್ನು ನೋಡಿ. ಬಾಗಿಲು ಮುಚ್ಚಿದ ಬಸ್ಸಿನಂಥ ಒಂದು ವಾಹನ, ಒಳಗೆ ಬೆರಳೆಣಿಕೆಯ ಜನ. ಲೆಸ್ಲಿ ಶಾರ್ಪ್ ಮಾಡಿದ ಹೆಂಗಸು ಮೊದಲು ಎಲ್ಲರ ಮಾತನ್ನೂ ಹಿಂದೆಯೇ ಗಿಣಿಪಾಠದಂತೆ ಒಪ್ಪಿಸುತ್ತಾಳೆ, ಆಮೇಲೆ ಅವರ ಜೊತೆಜೊತೆಗೇ ಹೇಳುತ್ತಾಳೆ, ಕೊನೆಗೆ ಅವರಿಗಿಂತ ಮೊದಲೇ. ರಾಕ್ಷಸ ಇಲ್ಲ, ಗ್ರಾಫಿಕ್ಸ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಟೆನೆಂಟ್ ಮತ್ತು ಶಾರ್ಪ್ ಒಬ್ಬರ ಮಾತನ್ನು ಇನ್ನೊಬ್ಬರು ಅಕ್ಷರ ತಪ್ಪದೆ ಬಾಯಿಪಾಠ ಮಾಡಿಕೊಂಡು ಉಸಿರಿಗೆ ಉಸಿರು ಸೇರಿಸಿ ಹೇಳಬೇಕಾಗಿತ್ತು. ಮಾತಿನ ಚಪ್ಪರ ಹಾಕಿ ಜನರನ್ನು ಗೆಲ್ಲುವ ಡಾಕ್ಟರ್‌ನ ಬಾಯಿಂದ ಮಾತನ್ನೇ ಕಿತ್ತುಕೊಂಡರೆ ಏನುಳಿಯುತ್ತದೆ ಅನ್ನುವುದು ಇಡೀ ಕಂತಿನ ವಿಷಯ. ಅಲ್ಲಿರುವ ಪ್ರೊಫೆಸರ್ ಪಾತ್ರಧಾರಿ ಡೇವಿಡ್ ಟ್ರೌಟನ್, ಎರಡನೆಯ ಡಾಕ್ಟರ್ ಪ್ಯಾಟ್ರಿಕ್ ಟ್ರೌಟನ್ ಅವರ ಮಗ. ಅದೇ ಸೀಸನ್ನಿನ ಎರಡನೆಯ ಕಂತಿನಲ್ಲಿ ಪೀಟರ್ ಕಪಾಲ್ಡಿ ರೋಮನ್ ವ್ಯಾಪಾರಿಯಾಗಿ ಬರುತ್ತಾರೆ, ಐದು ವರ್ಷ ಬಿಟ್ಟು ಅವರೇ ಡಾಕ್ಟರ್. 2007ರ ‘ಬ್ಲಿಂಕ್’ನಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲದ ಕ್ಯಾರಿ ಮಲಿಗನ್ ಇದ್ದಾರೆ. ಅದನ್ನು ಬರೆದವರು ಸ್ಟೀವನ್ ಮಾಫಟ್, ಅಂದರೆ ನಿಮ್ಮ ‘ಶೆರ್ಲಾಕ್’ನ ಇಬ್ಬರು ಜನಕರಲ್ಲಿ ಒಬ್ಬರು.

‘ಡಾಕ್ಟರ್ ಹೂ’ನ ಅರವತ್ತರ ದಶಕದ ಹಳೆಯ ಕಂತುಗಳಿಗೆ ಕೈ ಹಾಕುವುದಾದರೆ ತಿಳಿದಿರಲಿ, ಕೆಲವು ಇಲ್ಲವೇ ಇಲ್ಲ. ಆಗ ಎರಡಿಂಚು ಅಗಲದ ವಿಡಿಯೊ ಟೇಪು ದುಬಾರಿ, ಮರುಪ್ರಸಾರದ ಹಕ್ಕು ಮುಗಿದ ಮೇಲೆ ಬಿಬಿಸಿ ಅಳಿಸಿ ಮತ್ತೆ ಬಳಸುತ್ತಿತ್ತು. ಹೊರದೇಶಗಳಿಗೆ ಮಾರಲು ಮಾಡಿಸಿದ 16 ಎಂಎಂ ಫಿಲ್ಮ್ ಪ್ರತಿಗಳಿಂದ ಎಷ್ಟೋ ಉಳಿದವು. 2013ರಲ್ಲಿ ನೈಜೀರಿಯಾದಲ್ಲಿ ಸಿಕ್ಕ ಒಂಬತ್ತು ಕಂತು ಅಂಥವೇ. ಚಿತ್ರ ಹೋದರೂ ಧ್ವನಿ ಮಾತ್ರ ಎಲ್ಲ ಕಂತಿನದ್ದೂ ಇದೆ. ಕಾರಣ, ಅಂದಿನ ಅಭಿಮಾನಿ ಹುಡುಗರು ಮನೆಯ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಿಡಿದಿಟ್ಟದ್ದು. ಈಗ ಆ ಧ್ವನಿಗೆ ಅನಿಮೇಶನ್ ಸೇರಿಸಿ ಬಿಡುಗಡೆ ಮಾಡುತ್ತಾರೆ. ಮೊದಲ ಕಥೆಯ ನಿರ್ದೇಶಕ ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್, ಆಗ ಇನ್ನೂ ಇಪ್ಪತ್ತರ ಹರೆಯ. 1965ರಲ್ಲಿ ಅವರು ‘ಎ ಪ್ಯಾಸೇಜ್ ಟು ಇಂಡಿಯಾ’ವನ್ನು ಬಿಬಿಸಿಗೆ ಟಿವಿ ನಾಟಕ ಮಾಡಿದರು, ಅದೇ ಕಥೆಯನ್ನು ಸಿನಿಮಾ ಮಾಡಲು ಡೇವಿಡ್ ಲೀನ್ ಎರಡು ದಶಕದ ಬಳಿಕ ಬೆಂಗಳೂರಿಗೂ ಸಾವನದುರ್ಗಕ್ಕೂ ಬಂದರು. ಹುಸೇನ್ ಅನುಭವಿಸಿದ ಪಾಡು ತಿಳಿಯಬೇಕಾದರೆ ಮಾರ್ಕ್ ಗೇಟಿಸ್ ಬರೆದ ‘ಆ್ಯನ್ ಅಡ್ವೆಂಚರ್ ಇನ್ ಸ್ಪೇಸ್ ಆ್ಯಂಡ್ ಟೈಮ್’ (2013) ನೋಡಿ. ಗೇಟಿಸ್ ಅಂದರೆ ‘ಶೆರ್ಲಾಕ್’ನ ಇನ್ನೊಬ್ಬ ಜನಕ, ಅದರಲ್ಲಿ ಅಣ್ಣ ಮೈಕ್ರಾಫ್ಟ್ ಆಗಿಯೂ ಇರುವವರು.

ಹಳೆಯ ಬಿಬಿಸಿ ನಾಟಕಗಳಲ್ಲಿ ಮನೆಯೊಳಗಿನ ದೃಶ್ಯ ಒಂದು ಥರ, ಬಾಗಿಲು ದಾಟಿ ಹೊರಗೆ ಬಂದ ಕೂಡಲೇ ಇನ್ನೊಂದು ಥರ ಕಾಣುತ್ತದೆ. ಪ್ರಿಂಟು ಕೆಟ್ಟಿದೆ ಅಂದುಕೊಳ್ಳಬೇಡಿ. ಒಳಗಿನದನ್ನು ಸ್ಟುಡಿಯೊದಲ್ಲಿ ವಿಡಿಯೊ ಕ್ಯಾಮೆರಾದಲ್ಲೂ ಹೊರಗಿನದನ್ನು 16 ಎಂಎಂ ಫಿಲ್ಮಿನಲ್ಲೂ ತೆಗೆಯುತ್ತಿದ್ದರು. ಆದರೆ ಹೊಸ ಧಾರಾವಾಹಿಯೂ ಸ್ಟುಡಿಯೊ ನಾಟಕದ ಹಾಗೆ ನುಣ್ಣಗೆ ಜಾರುತ್ತಿದ್ದರೆ ತಪ್ಪು ನಿಮ್ಮ ಟಿವಿಯದು: ಸೆಟ್ಟಿಂಗ್ಸ್‌ಗೆ ಹೋಗಿ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಕಂಪನಿಗೊಂದು ಹೆಸರಿಟ್ಟಿರುತ್ತಾರೆ, ‘ಮೋಷನ್’ ಅನ್ನುವ ಪದ ಮಾತ್ರ ಸಾಮಾನ್ಯವಾಗಿ ಇರುತ್ತದೆ.

ಟೆನೆಂಟ್ ಅವರದ್ದನ್ನು ನೋಡುವ ಕ್ರಮ ಹೇಳುವುದಾದರೆ, ‘ಕ್ಯಾಸನೋವಾ’ (2005, ಮೂರು ಕಂತು) ಮೊದಲು. ಬರೆದವರು ರಸೆಲ್ ಟಿ ಡೇವಿಸ್. ಅದೇ ವರ್ಷ ಅವರು ಟೆನೆಂಟ್ ಅವರನ್ನು ಡಾಕ್ಟರ್ ಮಾಡಿದ್ದು ಯಾಕೆಂದು ಇಲ್ಲೇ ಗೊತ್ತಾಗುತ್ತದೆ. ಡಾಕ್ಟರ್ ಆದ ಮೇಲೆ ‘ಹ್ಯಾಮ್ಲೆಟ್’. ರಾಯಲ್ ಶೇಕ್ಸ್‌ಪಿಯರ್ ಕಂಪನಿಯ 2008ರ ಪ್ರಯೋಗವನ್ನು 2009ರಲ್ಲಿ ಬಿಬಿಸಿಗೆ ಚಿತ್ರೀಕರಿಸಿದರು. ನಂತರ ‘ಬ್ರಾಡ್‌ಚರ್ಚ್’, ಆಮೇಲೆ ‘ಡೆಸ್’ (2020, ಮೂರು ಕಂತು), ಇದರಲ್ಲಿ ಸರಣಿ ಹಂತಕ ಡೆನಿಸ್ ನಿಲ್ಸನ್ ಪಾತ್ರ. ಲವಲವಿಕೆಯ ಮುಖ ಕಲ್ಲಾಗುವುದನ್ನು ನೋಡಲು ಗಟ್ಟಿ ಮನಸ್ಸು ಬೇಕು, ರಾತ್ರಿ ಒಬ್ಬರೇ ನೋಡಬೇಡಿ. ಮನಸ್ಸು ಹಗುರಾಗಲು ‘ಸ್ಟೇಜ್ಡ್’: ಲಾಕ್‌ಡೌನ್‌ನಲ್ಲಿ ಟೆನೆಂಟ್ ಮತ್ತು ಮೈಕೆಲ್ ಶೀನ್ ತಾವು ತಾವಾಗಿಯೇ ವಿಡಿಯೊ ಕಾಲ್‌ನಲ್ಲಿ ಕಚ್ಚಾಡುತ್ತಾರೆ, ಕಂತಿಗೆ ಕಾಲು ಗಂಟೆಯಷ್ಟೆ. ಅದರಲ್ಲಿ ಟೆನೆಂಟ್ ಅವರ ನಿಜಜೀವನದ ಪತ್ನಿ ಜಾರ್ಜಿಯಾ ಕೂಡ ಇದ್ದಾರೆ. ಅವರು ಐದನೆಯ ಡಾಕ್ಟರ್ ಪೀಟರ್ ಡೇವಿಸನ್ ಅವರ ಮಗಳು, 2008ರಲ್ಲಿ ‘ದಿ ಡಾಕ್ಟರ್ಸ್ ಡಾಟರ್’ ಎಂಬ ಕಂತಿನಲ್ಲಿ ಡಾಕ್ಟರ್‌ನ ಮಗಳಾಗಿ ನಟಿಸಿದವರು!

ಕೋಲ್ಮನ್ ದಾರಿ ಬೇರೆ, ಅವರು ನಗೆಯಿಂದ ಬಂದವರು. ‘ಪೀಪ್ ಷೋ’ (2003ರಿಂದ), ‘ಗ್ರೀನ್ ವಿಂಗ್’, ‘ರೆವ್’, ‘ಟ್ವೆಂಟಿ ಟ್ವೆಲ್ವ್’, ಎಲ್ಲ ಹಾಸ್ಯ. 2013ರ ಬಾಫ್ಟಾ ಟಿವಿ ಪ್ರಶಸ್ತಿಯಲ್ಲಿ ಒಂದೇ ರಾತ್ರಿ ಎರಡು ಬಂತು: ‘ಅಕ್ಯೂಸ್ಡ್’ಗೆ ಪೋಷಕ ನಟಿ, ‘ಟ್ವೆಂಟಿ ಟ್ವೆಲ್ವ್’ಗೆ ಹಾಸ್ಯ ನಟನೆ. ಮರುವರ್ಷ ‘ಬ್ರಾಡ್‌ಚರ್ಚ್’ಗೆ ಮುಖ್ಯ ನಟಿ. ಹಾಸ್ಯಗಳನ್ನು ಬಿಟ್ಟು ‘ದಿ ಕ್ರೌನ್’ನ ರಾಣಿಗೇ ನೇರ ಹೋಗುವವರು ಅರ್ಧ ಕೋಲ್ಮನ್ ಅವರನ್ನು ಮಾತ್ರ ನೋಡಿದಂತೆ. ಬೇರೆಯವರು ಮಾತಾಡುವಾಗ ಅವರ ಮುಖದಲ್ಲಿ ಸಿಟ್ಟು ಬಂದು, ಅದನ್ನು ನುಂಗಿ, ಮರ್ಯಾದೆಯ ನಗು ಹತ್ತುವಷ್ಟರಲ್ಲಿ ಎರಡು ಸೆಕೆಂಡು ಹಿಡಿಯುತ್ತದೆ. ಆ ಲಯ ‘ರೆವ್’ನಲ್ಲಿ ನಗಿಸುತ್ತದೆ, ‘ಬ್ರಾಡ್‌ಚರ್ಚ್’ನ ಪೊಲೀಸ್ ಎಲಿ ಮಿಲ್ಲರ್‌ನಲ್ಲಿ ಕರುಳು ಹಿಂಡುತ್ತದೆ. ಮೊದಲು ‘ರೆವ್’ ಹಿಡಿಯಿರಿ. ‘ಪೀಪ್ ಷೋ’ ಪೋಲಿ ಮಾತಿನದು, ಮನೆಮಂದಿಯ ಮುಂದೆ ಹಾಕುವಂಥದ್ದಲ್ಲ.

ಮಾತು ಹಿಡಿಯದಿರುವುದಕ್ಕೆ ನಿಮ್ಮ ಇಂಗ್ಲಿಷ್ ಕಾರಣವಲ್ಲ. ಲಂಡನ್ನಿನವರಿಗೇ ‘ಹ್ಯಾಪಿ ವ್ಯಾಲಿ’ಯ ಯಾರ್ಕ್‌ಶೈರ್ ಮಾತು, ‘ಡೆರಿ ಗರ್ಲ್ಸ್’ನ ಉತ್ತರ ಐರ್ಲೆಂಡಿನ ವೇಗ ಕಷ್ಟ. ಮೊದಲ ಎರಡು ಕಂತನ್ನು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಕಿವುಡರಿಗಾಗಿ ಮಾಡಿದ ಸಬ್‌ಟೈಟಲ್ ಇದ್ದರೆ ಅದನ್ನೇ ಆರಿಸಿ, ಅದು ಬಾಯಿಮಾತನ್ನು ಹೆಚ್ಚು ನಿಷ್ಠೆಯಿಂದ ಕೊಡುತ್ತದೆ. ಮೂರನೆಯ ಕಂತಿನಿಂದ ತೆಗೆದುಬಿಡಿ. ಒಂದು ಊರಿನ ಕಿವಿ ಬಂದ ಮೇಲೆ ಅದೇ ಊರಿನ ಇನ್ನೊಂದಕ್ಕೆ ಹೋಗಿ, ದಿನಕ್ಕೊಂದು ಸೀಮೆ ಹಾರಬೇಡಿ. ಟೆನೆಂಟ್ ಸ್ಕಾಟ್ಲೆಂಡಿನವರು. ‘ಬ್ರಾಡ್‌ಚರ್ಚ್’ನಲ್ಲಿರುವುದು ಅವರ ಸ್ವಂತ ಮಾತು, ಡಾಕ್ಟರ್ ಆಗಿ ಆಡುವುದು ಲಂಡನ್ ಕಡೆಯದು. ಎರಡನ್ನೂ ಹಿಂದೆ ಮುಂದೆ ಹಾಕಿ ಕೇಳಿದರೆ ಕಿವಿ ಬೇಗ ಪಳಗುತ್ತದೆ.

ಪೊಲೀಸ್ ಕಥೆಗಳಲ್ಲಿ ಮಾತಿಗಿಂತ ಹುದ್ದೆ, ಕಾನೂನು ಗೊತ್ತಿಲ್ಲದೆ ತಡವರಿಸುವುದೇ ಹೆಚ್ಚು. ಅಲ್ಲಿ ಡಿಸಿ ಅಂದರೆ ಜಿಲ್ಲಾಧಿಕಾರಿಯಲ್ಲ, ಡಿಟೆಕ್ಟಿವ್ ಕಾನ್‌ಸ್ಟೇಬಲ್, ಪತ್ತೇದಾರರಲ್ಲಿ ಕೆಳಗಿನ ಮೆಟ್ಟಿಲು. ಮೇಲೆ ಡಿಎಸ್ (ಸಾರ್ಜೆಂಟ್), ಡಿಐ (ಇನ್‌ಸ್ಪೆಕ್ಟರ್), ಡಿಸಿಐ (ಚೀಫ್ ಇನ್‌ಸ್ಪೆಕ್ಟರ್), ಅದರಾಚೆ ಸೂಪರಿಂಟೆಂಡೆಂಟ್. ರಜೆ ಮುಗಿಸಿ ಬಂದ ಡಿಎಸ್ ಮಿಲ್ಲರ್‌ಗೆ ತನಗೆ ಬರಬೇಕಿದ್ದ ಡಿಐ ಹುದ್ದೆ ಹಾರ್ಡಿಗೆ ಹೋಗಿದೆ ಎಂದು ತಿಳಿಯುತ್ತದೆ. ಇಡೀ ಮೊದಲ ಸೀಸನ್ನಿನ ಕಹಿ ಇರುವುದು ಆ ಒಂದು ಮೆಟ್ಟಿಲಿನಲ್ಲಿ. ಬಂಧಿಸಿದವರನ್ನು ಆರೋಪ ಹೊರಿಸದೆ ಇಟ್ಟುಕೊಳ್ಳಲು ಮಾಮೂಲಿ 24 ಗಂಟೆ. ಗಂಭೀರ ಅಪರಾಧವಾದರೆ ಸೂಪರಿಂಟೆಂಡೆಂಟ್ 36ಕ್ಕೆ ಏರಿಸಬಹುದು, ಮ್ಯಾಜಿಸ್ಟ್ರೇಟ್ ಒಪ್ಪಿದರೆ ಗರಿಷ್ಠ 96. ಪಾತ್ರಗಳು ಗಡಿಯಾರ ನೋಡಿಕೊಂಡು ಓಡುವುದು ಇದಕ್ಕೇ. ವಿಚಾರಣೆಯನ್ನು ರೆಕಾರ್ಡ್ ಮಾಡಲೇಬೇಕು, ವಕೀಲರನ್ನು ಕೇಳುವ ಹಕ್ಕಿದೆ, ‘ನೋ ಕಾಮೆಂಟ್’ ಅನ್ನುವುದು ಅಲ್ಲಿ ಉದ್ಧಟತನವಲ್ಲ, ವಕೀಲರು ಹೇಳಿಕೊಟ್ಟ ಉತ್ತರ. ‘ಲೈನ್ ಆಫ್ ಡ್ಯೂಟಿ’ಯ ವಿಚಾರಣಾ ದೃಶ್ಯಗಳು ಕಂತಿನ ದೊಡ್ಡ ಪಾಲು ನುಂಗುತ್ತವೆ, ಇಷ್ಟು ತಿಳಿದಿದ್ದರೆ ಅವು ಕ್ರಿಕೆಟ್ಟಿನ ಕೊನೆಯ ಓವರಿನ ಹಾಗಿರುತ್ತವೆ.

ಡಿವಿಡಿ ವಿಚಾರ. ಡಿಸ್ಕು ಯಾವ ಭಾಗದಲ್ಲಿ ಓಡಬೇಕೆಂದು ಒಂದು ರೀಜನ್ ಸಂಖ್ಯೆ ಇರುತ್ತದೆ: ಬ್ರಿಟನ್ನಿನದು 2, ನಮ್ಮದು 5. ಟಿವಿ ಪದ್ಧತಿ ಎರಡೂ ಕಡೆ ಪಾಲ್ ಆದ್ದರಿಂದ ಚಿತ್ರದ ತೊಂದರೆ ಇಲ್ಲ, ಬೀಗ ರೀಜನ್ನಿನದು ಮಾತ್ರ. ನಿಮ್ಮ ಪ್ಲೇಯರ್ ಮಲ್ಟಿ-ರೀಜನ್ ಹೌದೇ ಎಂದು ಮಾಡೆಲ್ ನಂಬರ್ ಹಾಕಿ ಮೊದಲೇ ನೋಡಿಕೊಳ್ಳಿ. ಕೆಲವು ಪ್ಲೇಯರ್‌ಗಳಲ್ಲಿ ರಿಮೋಟಿನಿಂದ ಒಂದು ಕೋಡ್ ಒತ್ತಿದರೆ ಬೀಗ ಬಿಡುತ್ತದೆ. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ, ಐದನೆಯ ಸಲ ಎಲ್ಲಿ ನಿಂತಿರೋ ಅಲ್ಲೇ ಕಾಯಂ. ಹಿಂದೆ ಮುಂದೆ ಆಡಿಸಬೇಡಿ. ಬ್ಲೂ-ರೇ ಆದರೆ ಬ್ರಿಟನ್ ಬಿ, ಭಾರತ ಸಿ. ಇದರ ಬೀಗ ಡಿವಿಡಿಯಷ್ಟು ಸಲೀಸಾಗಿ ಬಿಡುವುದಿಲ್ಲ, ಆದ್ದರಿಂದ ಡಿವಿಡಿಯೇ ವಾಸಿ. ಅಕ್ಕನ ಮಗನಿಗೆ ಹೊಸ ಅಂಗಡಿಗೆ ಹೋಗುವ ಮೊದಲು ಚಾರಿಟಿ ಶಾಪ್‌ಗಳ (ದಾನವಾಗಿ ಬಂದ ಹಳೆಯ ಸಾಮಾನು ಮಾರುವ ಅಂಗಡಿ) ಕಪಾಟು ನೋಡಲು ಹೇಳಿ. ಪೂರ್ತಿ ಸೀಸನ್ನುಗಳು ಒಂದೆರಡು ಪೌಂಡಿಗೆ ಬಿದ್ದಿರುತ್ತವೆ. ಡಬ್ಬಿ ತೆರೆದು ಎಲ್ಲ ಡಿಸ್ಕು ಇವೆಯೇ ಎಂದು ಎಣಿಸಬೇಕು, ಹಿಂಬದಿಯಲ್ಲಿ ಸಬ್‌ಟೈಟಲ್ ಸಾಲು ಓದಬೇಕು. ‘ಶೆರ್ಲಾಕ್’ ಮೊದಲ ಸೀಸನ್ ಸಿಕ್ಕರೆ ಬಿಡಬೇಡಿ. ಅದರಲ್ಲಿ ಪ್ರಸಾರವಾಗದ ಒಂದು ಗಂಟೆಯ ಪೈಲಟ್, ಅಂದರೆ ಪ್ರಯೋಗಕ್ಕೆಂದು ತೆಗೆದ ಕಂತು ಇದೆ. ಬಿಬಿಸಿ ಅದನ್ನು ಬದಿಗಿಟ್ಟು 90 ನಿಮಿಷದ ಮೂರು ಕಂತು ಮಾಡಿಸಿತು. ಅದರಲ್ಲಿ ಮೊದಲನೆಯದು ಅದೇ ಕಥೆ, ಮುಖ್ಯ ನಟರೂ ಅವರೇ, ನಿರ್ದೇಶಕರು ಬೇರೆ. ಮೆಸೇಜಿನ ಅಕ್ಷರಗಳು ಗಾಳಿಯಲ್ಲಿ ತೇಲುವುದು ಪೈಲಟ್‌ನಲ್ಲಿ ಇಲ್ಲ, ಅದನ್ನು ತಂದವರು ಎರಡನೆಯ ನಿರ್ದೇಶಕ ಪಾಲ್ ಮೆಗೀಗನ್. ಎರಡನ್ನೂ ಪಕ್ಕಪಕ್ಕ ನೋಡಿದರೆ ನಿರ್ದೇಶಕರ ಕೆಲಸ ಏನೆಂದು ಒಂದೇ ಸಂಜೆಯಲ್ಲಿ ತಿಳಿಯುತ್ತದೆ.

ಸ್ಟ್ರೀಮಿಂಗ್‌ನಲ್ಲಿ ಯಾವುದು ಎಲ್ಲಿದೆ ಎಂದು ಇಲ್ಲಿ ಬರೆದರೆ ಮುಂದಿನ ತಿಂಗಳಿಗೆ ಸುಳ್ಳಾಗಬಹುದು, ಹಕ್ಕುಗಳು ಕೈ ಬದಲಿಸುತ್ತಲೇ ಇರುತ್ತವೆ. ಯಾವುದು ಎಲ್ಲಿದೆ ಎಂದು ತೋರಿಸುವ ಜಸ್ಟ್‌ವಾಚ್ ಜಾಲತಾಣದಲ್ಲಿ ದೇಶ ಭಾರತ ಎಂದಿಟ್ಟು ಇಂಗ್ಲಿಷ್ ಹೆಸರು ಹಾಕಿ ನೋಡಿ, ನೋಡಬೇಕಾದ್ದನ್ನೆಲ್ಲ ಒಟ್ಟು ಮಾಡಿಕೊಂಡು ಒಂದೊಂದೇ ತಿಂಗಳ ಚಂದಾ ಕಟ್ಟಿ. ‘ದಿ ಕ್ರೌನ್’, ‘ಅಡಾಲಸನ್ಸ್’ ನೆಟ್‌ಫ್ಲಿಕ್ಸ್ ತನಗೆಂದೇ ಮಾಡಿಸಿದವು, ಅವು ಅಲ್ಲೇ ಸಿಗುತ್ತವೆ. ಬಿಬಿಸಿಯ ಐಪ್ಲೇಯರ್ ಬ್ರಿಟನ್ನಿನೊಳಗೆ ಮಾತ್ರ, ಅಲ್ಲಿಯ ಮನೆಗಳು ಅದಕ್ಕಾಗಿ ವರ್ಷಕ್ಕೆ ಲೈಸೆನ್ಸ್ ಶುಲ್ಕ ಕಟ್ಟುತ್ತವೆ (2025ರ ಏಪ್ರಿಲ್‌ನಲ್ಲಿ ಅದು 174.50 ಪೌಂಡ್ ಆಗಿತ್ತು). ವಿಪಿಎನ್ ಹಾಕಿ ನುಗ್ಗುವುದು ಅವರ ನಿಯಮಕ್ಕೆ ವಿರುದ್ಧ. ಎಲ್ಲಿ ನೋಡಿದರೂ ಕಂತಿನ ಉದ್ದ ಗಮನಿಸಿ: ಬಿಬಿಸಿಯಲ್ಲಿ ಜಾಹೀರಾತಿಲ್ಲ, ಒಂದು ಗಂಟೆಯ ಕಂತು 58 ನಿಮಿಷದ ಆಸುಪಾಸು ಇರುತ್ತದೆ, ಐಟಿವಿಯದು ಜಾಹೀರಾತು ಕಳೆದು 46–48. ಬಿಬಿಸಿಯ ಒಂದು ಗಂಟೆಯ ಕಂತು ನಿಮ್ಮ ಪರದೆಯಲ್ಲಿ 50 ತೋರಿಸಿದರೆ ಯಾರೋ ಕತ್ತರಿ ಆಡಿಸಿರಬಹುದು.

ಈ ನಟರಿಗೆ ಟಿವಿಯಷ್ಟೇ ರಂಗಭೂಮಿಯೂ ಮುಖ್ಯ, ಮತ್ತು ಅದು ಮನೆಯಲ್ಲೇ ಸಿಗುತ್ತದೆ. ಲಂಡನ್ನಿನ ನ್ಯಾಷನಲ್ ಥಿಯೇಟರಿನ ಸ್ವಂತ ಸ್ಟ್ರೀಮಿಂಗ್ ಸೇವೆ ‘ನ್ಯಾಷನಲ್ ಥಿಯೇಟರ್ ಅಟ್ ಹೋಮ್’ 2020ರ ಡಿಸೆಂಬರ್‌ನಿಂದ ಇದೆ, ಹೊರದೇಶದವರಿಗೂ ತೆರೆದಿದೆ, ಒಂದೇ ನಾಟಕವನ್ನು ಬಾಡಿಗೆಗೂ ಪಡೆಯಬಹುದು. ಲಂಡನ್ನಿನ ಡಾನ್ಮಾರ್ ರಂಗಮಂದಿರದಲ್ಲಿ ಟೆನೆಂಟ್ ಮಾಡಿದ ‘ಮ್ಯಾಕ್‌ಬೆತ್’ನಲ್ಲಿ ಪ್ರೇಕ್ಷಕರು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು, ಪಿಸುಮಾತು ಕಿವಿಯ ಹಿಂದೆಯೇ ಕೇಳುತ್ತಿತ್ತು. ಅದರ ಚಿತ್ರೀಕರಣ ಸಿಕ್ಕರೆ ಟಿವಿ ಸ್ಪೀಕರಿನಲ್ಲಿ ಕೇಳಬೇಡಿ, ನೀವೂ ಹೆಡ್‌ಫೋನ್ ಹಾಕಿ.

ಪತ್ರ ಬರೆಯುವುದಾದರೆ ಮನೆ ವಿಳಾಸ ಹುಡುಕಬಾರದು. ಎಲ್ಲ ನಟರಿಗೂ ಏಜೆಂಟ್ ಇರುತ್ತಾರೆ, ಆ ಕಚೇರಿಯ ವಿಳಾಸ ಅವರ ಜಾಲತಾಣದಲ್ಲೇ ಸಿಗುತ್ತದೆ. ನಾಟಕ ನಡೆಯುತ್ತಿರುವಾಗ ಆ ರಂಗಮಂದಿರದ ಸ್ಟೇಜ್ ಡೋರ್ (ಕಲಾವಿದರು ಬಂದುಹೋಗುವ ಬಾಗಿಲು) ವಿಳಾಸಕ್ಕೆ ಬರೆದರೆ ಇನ್ನೂ ಬೇಗ ಕೈ ಸೇರಬಹುದು, ಆದರೆ ಪ್ರದರ್ಶನ ಮುಗಿಯಲು ಒಂದು ತಿಂಗಳಾದರೂ ಇರಬೇಕು. ಪತ್ರ ಒಂದು ಪುಟ ಮೀರದಿರಲಿ. ‘ನಿಮ್ಮ ದೊಡ್ಡ ಅಭಿಮಾನಿ’ ಎಂಬ ಸಾಲಿಗಿಂತ ಯಾವ ಕಂತಿನ ಯಾವ ದೃಶ್ಯ ಯಾಕೆ ಹಿಡಿಸಿತು ಎಂದು ಬರೆಯಿರಿ. ಹಸ್ತಾಕ್ಷರ ಬೇಕಾದರೆ ಪೋಸ್ಟ್‌ಕಾರ್ಡ್ ಅಳತೆಯ ಖಾಲಿ ಬಿಳಿ ಕಾರ್ಡ್, ನಿಮ್ಮ ವಿಳಾಸ ಬರೆದ ಲಕೋಟೆ ಜೊತೆಗಿಡಿ. ಲಕೋಟೆಯ ಮೇಲೆ ಭಾರತದ ಅಂಚೆಚೀಟಿ ಅಂಟಿಸಿದರೆ ಅದು ಅಲ್ಲಿ ನಡೆಯುವುದಿಲ್ಲ, ಬ್ರಿಟನ್ನಿನದೇ ಬೇಕು, ಅದೂ ಹೊರದೇಶದ ದರದ್ದು. ಅಕ್ಕನ ಮಗನಿಗೆ ಡಿವಿಡಿ ಜೊತೆಗೆ ಅಂಥ ಎರಡು ಚೀಟಿ ತರಲು ಹೇಳಿ. ಮನೆಯ ಡ್ರಾಯರಿನ ಹಳೆಯವನ್ನಲ್ಲ: ಬಾರ್‌ಕೋಡ್ ಇಲ್ಲದ ದಿನಬಳಕೆಯ ಚೀಟಿಗಳು 2023ರ ಜುಲೈ 31ರ ನಂತರ ಅಲ್ಲಿ ಚಲಾವಣೆಯಲ್ಲಿಲ್ಲ.